ಅಪ್‌ಡೇಟ್: ಪಟ್ಟಿ ಅಂಟಿಸಿದ ಮರಗೆಲಸದ ಮೇಜಿನ ಹಲಗೆ

ಹೆಬ್ಬಲಸಿನ ಪಟ್ಟಿಗಳನ್ನು ಅಂಟಿಸಿ ಮಾಡಿದ ಮೇಲ್ಹಲಗೆಯ ತುದಿಗಳು ಬೇಸಗೆಯಲ್ಲಿ ಬಿಟ್ಟುಕೊಂಡವೆಂದೂ, ಉದ್ದದ ಬೋಲ್ಟ್ ಹಾಕಿ ಬಿಗಿದರೆ ಸರಿಹೋದೀತೇ ಎಂದೂ ಎರಡು ವರ್ಷಗಳ ಹಿಂದೆ ಕೇಳಿದ್ದೆ. ಬೋಲ್ಟ್ ಬೇಡ, ಮರ ಒಣಗಿತ್ತೇ ನೋಡಿ ಎಂದವರ ಮಾತೇ ಸರಿಯಾಗಿತ್ತು. ಮಿಲ್ಲಿನಿಂದ ತಂದ ತಿಂಗಳಲ್ಲೇ ನಾನು ಅಂಟಿಸಿದ್ದೆ.

ಈ ಸಲ ಪೆರ್ಲದಲ್ಲಿ ಅಜ್ಜನ ಹಂಚಿನ ಮನೆಯನ್ನು ಬಿಚ್ಚಿದಾಗ ಸಿಕ್ಕಿದ ಹೆಬ್ಬಲಸಿನ ಪಕ್ಕಾಸುಗಳನ್ನೇ (ಮಾಡಿನ ಇಳಿಜಾರಿಗೆ ಹಾಕುವ ಮರಗಳು) ಬಳಸಿದೆ. ಒಳಗೆ ಮುರಿದು ಉಳಿದಿದ್ದ ಒಂದು ಮೊಳೆ ಕೀಸುಳಿಯ ಅಲಗನ್ನು ಕೆಡಿಸಿದ ಮೇಲೆ, ಪ್ರತಿಯೊಂದರ ಮೇಲೂ ಅಯಸ್ಕಾಂತ ಎಳೆದು ನೋಡಿದೆ. ಒಂದೂಮುಕ್ಕಾಲು ಇಂಚು ದಪ್ಪದ 14 ಪಟ್ಟಿಗಳನ್ನು, ಎಲ್ಲದರ ಎಳೆಯೂ ಒಂದೇ ಕಡೆಗೆ ಏರುವಂತೆ ಜೋಡಿಸಿಕೊಂಡದ್ದರಿಂದ ಕೊನೆಯಲ್ಲಿ ಕೀಸುವಾಗ ಮೈ ಕಿತ್ತುಬರಲಿಲ್ಲ. ಎರಡೆರಡು ಪಟ್ಟಿಗಳನ್ನು ಅಂಟಿಲ್ಲದೆ ಒತ್ತಿ ಬಾಗಿಲಿನ ಬೆಳಕಿಗೆ ಹಿಡಿದು, ನಡುವೆ ಗೆರೆಯಷ್ಟೂ ಬೆಳಕು ಕಾಣದಾಗುವವರೆಗೆ ಕೀಸಿದೆ. ಇಡೀ ಕೆಲಸದ ಮುಕ್ಕಾಲು ಪಾಲು ಸಮಯ ಹೋದದ್ದು ಇದಕ್ಕೇ, ಅದು ಸಾರ್ಥಕವೂ ಆಯಿತು.

ಹದಿನಾಲ್ಕನ್ನೂ ಒಮ್ಮೆಗೇ ಅಂಟಿಸಹೊರಟರೆ ಕ್ಲಾಂಪ್ ಬಿಗಿಯುವ ಮೊದಲೇ ಅಂಟು ಹಿಡಿಯತೊಡಗುತ್ತದೆ. ಆದ್ದರಿಂದ ಮೂರು ನಾಲ್ಕು ಪಟ್ಟಿಗಳ ಕಂತುಗಳಾಗಿ ಅಂಟಿಸಿ, ಅಂಟು ಸಾಸಿವೆ ಕಾಳಿನಂತಹ ಮಣಿಗಳಾಗಿ ಉದ್ದಕ್ಕೂ ಹೊರಬರುವಷ್ಟೇ ಬಿಗಿದು, ರಾತ್ರಿಯಿಡೀ ಬಿಟ್ಟೆ.

ಕಾಲುಗಳಿಗೆ ಕೂರಿಸುವಾಗ ಮುಂದಿನ ಸಾಲಿಗೆ ದುಂಡು ತೂತು, ಹಿಂದಿನ ಸಾಲಿಗೆ ಅಡ್ಡಕ್ಕೆ ಉದ್ದವಾದ ತೂತು ಕೊರೆದೆ. ಜುಲೈಯಲ್ಲಿ ಹಲಗೆ ಅಗಲಕ್ಕೆ 3 ಮಿಲಿಮೀಟರಿನಷ್ಟು ಹಿಗ್ಗಿ, ಏಪ್ರಿಲಿನಲ್ಲಿ ಮತ್ತೆ ಕುಗ್ಗಿತು. ತುದಿಯ ಜೋಡಣೆಗಳಲ್ಲಿ ಕಾಗದವೂ ನುಸುಳುವುದಿಲ್ಲ.