ಮಗ ಆಟ ನೋಡ್ಕೋತ ನಿಲ್ತಾನ, ಒಳಗ ಹೋಗಂಗಿಲ್ಲ

ಗಂಗಾವತಿ ಅಮ್ಮ:
ನಮಸ್ಕಾರ್ರೀ. ಟ್ರಾನ್ಸ್‌ಫರ್ ಆಗಿ ರಾಯಚೂರಿಗೆ ಬಂದೀವಿ, ಮಗ ಎರಡನೇ ಕ್ಲಾಸು. ಬಿಸಿಲು ಇಳಿದ ಮ್ಯಾಲೆ ಮನಿ ಮುಂದಿನ ಖಾಲಿ ಸೈಟಿನಾಗ ಓಣಿ ಹುಡುಗ್ರು ಲಗೋರಿ, ಕ್ರಿಕೆಟ್ಟು ಆಡ್ತಾವ, ಇಂವ ದಿನಾ ಹೋಗಿ ಕಂಪೌಂಡ್ ಗ್ವಾಡಿಗೆ ಆತ್ಕೊಂಡು ನೋಡ್ತಾನ ಅಷ್ಟ, ಕತ್ಲಾದ ಮ್ಯಾಲೆ ಬಂದು ಯಾರು ಔಟಾದ್ರು, ಯಾರು ಮೋಸ ಮಾಡಿದ್ರು ಅಂತ ಪೂರಾ ಕಥಿ ಹೇಳ್ತಾನ. ನಾನಾ ಹೋಗಿ ದೊಡ್ಡ ಹುಡುಗ್ರಿಗೆ ಇವನ್ನೂ ಸೇರಿಸ್ಕೊಳ್ರೋ ಅಂದೆ, ಸೇರಿಸ್ಕೊಂಡ್ರು, ಆದ್ರ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಮಾಡಿಟ್ರು. ಔಟಾದ್ರೂ ಔಟಲ್ಲ, ಪಾಳಿನೂ ಬರಂಗಿಲ್ಲ. ಅತ್ಕೋತ ಬಂದ. ಇಲ್ಲಿ ಹುಡುಗ್ರು ತೆಲುಗು, ಉರ್ದು ಎಲ್ಲಾ ಬೆರ್ಸಿ ಮಾತಾಡ್ತಾವ, ಅದಕ್ಕೂ ಅಂಜ್ತಾನೇನೋ. ಏನ್ ಮಾಡ್ಲಿ?

ಬಳ್ಳಾರಿ ಟೀಚರ್:
ನೋಡ್ತಾ ನಿಲ್ಲೋದನ್ನ ರೋಗ ಅನ್ಕೋಬೇಡಿ ಮೇಡಂ. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ನರ್ಸರಿ ಮಕ್ಕಳ ಆಟ ಗಮನಿಸಿ ಬರೆದಾಗ, ಒಬ್ಬರೇ ಆಡೋದು, ಪಕ್ಕಪಕ್ಕ ಕೂತು ಅವರವರ ಪಾಡಿಗೆ ಆಡೋದು, ಕೂಡಿ ಆಡೋದು ಇವುಗಳ ಜೊತೆ ಬರೀ ನೋಡೋದನ್ನೂ ಒಂದು ಬಗೆ ಅಂತಲೇ ಲೆಕ್ಕ ಹಿಡಿದಿದ್ರು. ದೊಡ್ಡ ಮಕ್ಕಳೂ ಹೊಸ ಗುಂಪು ಕಂಡ್ರೆ ಮೊದ್ಲು ನಿಂತು ನೋಡ್ತಾರೆ. ನಿಮ್ಮ ಮಗ ಬಂದು ಕಥೆ ಹೇಳ್ತಾನೆ ಅಂದ್ಮೇಲೆ ರೂಲ್ಸ್ ಎಲ್ಲಾ ಕಲ್ತಾಗಿದೆ, ಕಾಲಿಡೋದೊಂದೇ ಬಾಕಿ. 1981ರಲ್ಲಿ ಪುಟಲ್ಲಾಜ್, ಗಾಟ್ಮನ್ ಅನ್ನೋರು ಎರಡು-ಮೂರನೇ ಕ್ಲಾಸಿನ ಮಕ್ಕಳಲ್ಲಿ ಇದನ್ನೇ ನೋಡಿದ್ರು: ಬಂದವರೇ ತಮ್ಮ ಬಗ್ಗೆ ಹೇಳ್ಕೊಳ್ಳೋರು, ನಡುವೆ ಪ್ರಶ್ನೆ ಕೇಳೋರು, ಹಂಗಲ್ಲ ಹಿಂಗೆ ಅಂತ ತಕರಾರು ತೆಗೆಯೋರನ್ನ ಗುಂಪು ಅಷ್ಟಾಗಿ ಹತ್ರ ಬಿಟ್ಕೊಳ್ಳಲ್ಲ, ನಡೀತಿರೋ ಆಟಕ್ಕೆ ಹೊಂದ್ಕೊಂಡು ಬರೋರು ಬೇಗ ಸೇರ್ಕೋತಾರೆ. ಲಗೋರೀಲಿ ಇದಕ್ಕೆ ಬೇಕಾದಷ್ಟು ಜಾಗ ಇದೆ, ಚೆಂಡು ಚರಂಡಿ ಕಡೆ ಉರುಳಿದ್ರೆ ಓಡಿ ತಂದು ಎಸೀಲಿ, ಆಟ ಮುಗ್ದು ಕಲ್ಲು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ರೆ ಹೋಗಿ ಜೋಡಿಸ್ಲಿ. ನಾನೂ ಬರ್ಲಾ ಅಂತ ಕೇಳಿದ್ರೆ ಬೇಡ ಅನ್ನೋದು ಅವರಿಗೆ ಸುಲಭ, ಅದಕ್ಕೇ ಕೇಳೋದೇ ಬೇಡ.

ಸಿಂಧನೂರು ಕಾಕಾ:
ಇಷ್ಟೆಲ್ಲಾ ಯಾಕ್ರೀ, ಒಂದು ಛಲೋ ಬ್ಯಾಟು ಕೊಡಸ್ರಿ, ಅವರಾ ಬಂದು ಬಾಗ್ಲಾ ಬಡೀತಾರ.

ಶಕ್ತಿನಗರ ಕಾಲೋನಿ:
ಕಾಕಾ, ಅವರು ಕರಿಯೋದು ಬ್ಯಾಟಿಗೆ, ಹುಡುಗಗಲ್ಲ. ನಾ ಥರ್ಮಲ್ ಪ್ಲಾಂಟಿನ ಕಾಲೋನಿಯಾಗ ಬೆಳದೀನಿ, ಎಲ್ಲೆಲ್ಲಿಂದೋ ಹೊಸ ಮನಿಯವ್ರು ಬರ್ತಾನಾ ಇದ್ರು, ಅವರ ಹುಡುಗ್ರು ಆಟದಾಗ ಸೇರಿದ್ದು ಬಹಳ ಮಟ್ಟಿಗೆ ಒಬ್ಬ ಗೆಳೆಯನ ಹಿಂದ ಬಂದಾ. ಲೀಡರ್‌ನ್ನ ಬಿಡ್ರಿ, ಅವನಿಗೆ ಇವನ ಜರೂರತ್ತಿಲ್ಲ. ಇವನ ವಯಸ್ಸಿನವ, ಒಂದೀಟು ಮೆತ್ತಗಿರೋನ್ನ ನೋಡಿ ಮನಿಗೆ ಕರೀರಿ, ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾಡಿ ಕೊಡ್ರಿ, ಇಬ್ಬರಾ ಅಂಗಳದಾಗ ಗೋಲಿ ಆಡ್ಲಿ, ನೀವು ನಡಕ ಹೋಗಬ್ಯಾಡ್ರಿ. ಟೀಮ್ ಮಾಡೋ ಮುಂದ ಆ ಹುಡುಗ ಇಂವ ನಮ್ ಕಡಿ ಅಂದ್ರ ಸಾಕು, ಪಾಳಿ ಬರ್ತದ. ಭಾಷಾ ಚಿಂತಿ ಬ್ಯಾಡ, ನಮ್ ಓಣ್ಯಾಗ ಕನ್ನಡ ಬರಲಾರದ ಹುಡುಗ ಮೊದ್ಲ ಕಲ್ತದ್ದು ಔಟಿಲ್ಲ ಅಂತ ಜಗಳ ತೆಗಿಯೋದು 😀

ಗಂಗಾವತಿ ಅಮ್ಮ:
ಇಬ್ಬರು ಹೇಳಿದ್ದೂ ಮಾಡ್ತೀನ್ರೀ. ಇನ್ನೊಂದು, ಒಬ್ಬ ಹುಡುಗ ಇವನಿಗೆ ಅಕ್ಕಿ ಚೀಲ ಅಂತಾನ, ಸ್ವಲ್ಪ ದಪ್ಪ ಅದಾನ, ಊರೂ ಗಂಗಾವತಿ. ಹೋಗಿ ಬೈಲಾ?

ಬಳ್ಳಾರಿ ಟೀಚರ್:
ಮಗ ಅದನ್ನ ಹೆಂಗೆ ತಗೋತಾನೆ ನೋಡಿ ಮೊದ್ಲು. ಮಕ್ಕಳಿಗೆ ನಿಂಗ್ಯಾರು ಇಷ್ಟ, ಯಾರು ಇಷ್ಟ ಇಲ್ಲ ಅಂತ ಕೇಳಿ ಗುಂಪು ಮಾಡೋ ಪದ್ಧತಿ ಇದೆ, 1982ರಲ್ಲಿ ಕೋಯಿ, ಡಾಡ್ಜ್ ಮತ್ತವರ ಜೊತೆಯವರು ಬರೆದಿದ್ದು, ಅದರಲ್ಲಿ ಯಾರ ಬಾಯಲ್ಲೂ ಹೆಸರೇ ಬರದ ಮಗು ಬೇರೆ, ಎಲ್ಲರೂ ಬೇಡ ಅನ್ನೋ ಮಗು ಬೇರೆ. ಇಲ್ಲೀವರೆಗೆ ನೀವು ಹೇಳಿದ್ದು ನೋಡಿದ್ರೆ ನಿಮ್ಮವನು ಮೊದಲನೇ ಥರ, ಅವನಿಗೆ ಒಬ್ಬ ಗೆಳೆಯ ಸಿಕ್ರೆ ಎಷ್ಟೋ ಹಗುರ ಆಗುತ್ತೆ. ಆದ್ರೆ ಹೊಡೆತ ಬೀಳ್ತಿದ್ರೆ, ಇಲ್ಲಾ ಆಚೆ ಹೋಗೋದೇ ಬೇಡ ಅಂತ ಕೂತ್ರೆ ತಡ ಮಾಡಬೇಡಿ, ಆ ಹುಡುಗನ ಮನೆಯವರ ಹತ್ರ ಮಾತಾಡಿ, ಎಲ್ಲಾ ಹುಡುಗ್ರ ಮುಂದೆ ಮಾತ್ರ ಬೈಬೇಡಿ, ಚಾಡಿಕೋರ ಅಂತ ಇನ್ನೊಂದು ಹೆಸರು ಸೇರ್ಕೊಳ್ಳುತ್ತೆ.

ಕೊಪ್ಪಳ ರೂಪಾ:
ನಮ್ ಮಗಳದ್ದು ಬ್ಯಾರೇನಾ ಐತ್ರೀ, ಮೂರು ಜನ ಗೆಳತ್ಯಾರು, ದಿನಾ ಇಬ್ಬರು ಸೇರಿ ಒಬ್ಬಾಕಿಗೆ ಟೂ ಬಿಡ್ತಾರ. ಬ್ಯಾರೆ ಪೋಸ್ಟ್ ಹಾಕ್ತೀನಿ, ಟೀಚರ್ ಬಂದು ಹೇಳ್ರಿ.