ತಂಡ ಗೆದ್ದರೂ ಬೆಟ್ ಸೋಲೋದು ಹೇಗೆ? ಎನ್‌ಎಫ್‌ಎಲ್ ಪಾಯಿಂಟ್ ಸ್ಪ್ರೆಡ್ ಬಗ್ಗೆ ಪ್ರಶ್ನೆ

ಎಡಿಸನ್‌ಗೆ ಹೊಸಬ:

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಗೆ ಬಂದ ಮೇಲೆ ಇದು ನನ್ನ ಮೊದಲ ಅಮೆರಿಕನ್ ಫುಟ್‌ಬಾಲ್ (ಎನ್‌ಎಫ್‌ಎಲ್ ಲೀಗ್) ಸೀಸನ್. ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು), ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದೆಯುವುದು) ಎಲ್ಲ ಈಗ ಗೊತ್ತಾಗುತ್ತದೆ. ಸೋಮವಾರ ಆಫೀಸಿನಲ್ಲಿ ನಡೆಯುವ ಮಾತು ಮಾತ್ರ ತಲೆಗೆ ಹತ್ತುತ್ತಿಲ್ಲ.

ನಮ್ಮ ಟೀಮಿನವರು ಪ್ರತಿ ವಾರ ತಲಾ ಹತ್ತು ಡಾಲರ್ ಹಾಕಿ ಒಂದು ಶೀಟ್ ತುಂಬುತ್ತಾರೆ. ಅದರಲ್ಲಿ ಈಗಲ್ಸ್ ತಂಡದ ಹೆಸರಿನ ಮುಂದೆ -6.5 ಅಂತ ಇತ್ತು. ಈಗಲ್ಸ್ 3 ಪಾಯಿಂಟ್‌ನಿಂದ ಗೆದ್ದರು. ಆದರೂ ಈಗಲ್ಸ್ ಆರಿಸಿದ್ದ ಪಕ್ಕದ ಸೀಟಿನವರು ಸೋತೆ ಅಂದರು. "ಗೆದ್ದರು, ಆದರೆ ಕವರ್ ಮಾಡಲಿಲ್ಲ" ಅಂತೆ.

ಆ ಮೈನಸ್ ಏನು? ಅರ್ಧ ಪಾಯಿಂಟ್ ಯಾರು ಹೊಡೆಯುತ್ತಾರೆ? ಈ ನಂಬರ್ ಎಲ್ಲಿಂದ ಬರುತ್ತದೆ? ಇನ್ನೊಬ್ಬರು ಫೋನಿನಲ್ಲಿ ಬೆಟ್ಟಿಂಗ್ ಆ್ಯಪ್ ತೋರಿಸಿದರು. ಅಲ್ಲಿ ಎರಡೂ ತಂಡದ ಪಕ್ಕ -110 ಅಂತ ಬೇರೆ ಇತ್ತು. ಎರಡೂ ಕಡೆ ಮೈನಸ್ ಹೇಗೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಹಳೇ ಶಿಕಾಗೋ:

ನಮಸ್ಕಾರ. ನಾನು ಬೆಟ್ ಕಟ್ಟುವುದಿಲ್ಲ. ಆದರೆ ನಮ್ಮ ಶಿಕಾಗೋ ಬೇರ್ಸ್ ತಂಡದ ಮ್ಯಾಚ್ ಇರುವ ವಾರ ಸ್ಪ್ರೆಡ್ ನೋಡದೆ ಟಿವಿ ಮುಂದೆ ಕೂರುವುದಿಲ್ಲ. ಎರಡು ತಂಡಗಳ ಬಗ್ಗೆ ಇಷ್ಟು ವಿಷಯವನ್ನು ಒಂದೇ ನಂಬರಿನಲ್ಲಿ ಹೇಳುವುದು ಬೇರೆ ಯಾವುದೂ ಇಲ್ಲ ಅಂತ ನನಗೆ ನಿಜವಾಗಿ ಅನಿಸುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಬೇಸಿಗೆ ರಜೆಯಲ್ಲಿ ಮನೆ ಮುಂದೆ ಶಟಲ್ ಆಡುವಾಗ ದೊಡ್ಡವನು ಚಿಕ್ಕವನಿಗೆ "ನಿನಗೆ 6 ಪಾಯಿಂಟ್ ಬಿಟ್ಟಿದ್ದೀನಿ, ಆಡು" ಅನ್ನುತ್ತಾನಲ್ಲ, ಸ್ಪ್ರೆಡ್ ಅಂದರೆ ಅದೇ. ಇಲ್ಲಿ ಆಡುವವರಿಗೂ ಅದಕ್ಕೂ ಸಂಬಂಧ ಇಲ್ಲ, ಅಷ್ಟೇ. ಆಟ ಮುಗಿದ ಮೇಲೆ ಬೆಟ್ ಕಟ್ಟಿದವರು ಸ್ಕೋರಿಗೆ ಕೂಡಿಸಿ ಕಳೆದು ನೋಡುತ್ತಾರೆ. ಮೈನಸ್ ಇರುವುದು ಬಲವಾದ ತಂಡಕ್ಕೆ, ಅಂದರೆ ಫೇವರಿಟ್‌ಗೆ. ಪ್ಲಸ್ ಇರುವುದು ಎದುರಾಳಿಗೆ, ಅದು ಅಂಡರ್‌ಡಾಗ್. ಈಗಲ್ಸ್ 27-24 ಗೆದ್ದರು ಅಂದುಕೊಳ್ಳಿ. 27ರಲ್ಲಿ 6.5 ಕಳೆದರೆ 20.5. ಎದುರಿನವರದು 24. ಶೀಟಿನ ಲೆಕ್ಕದಲ್ಲಿ ಈಗಲ್ಸ್ ಸೋತರು. 7 ಅಥವಾ ಅದಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದಿದ್ದರೆ ಕವರ್ ಆಗುತ್ತಿತ್ತು. ಎದುರಾಳಿ +6.5 ತಗೊಂಡವರಿಗೆ ಅವರ ತಂಡ 6 ಪಾಯಿಂಟ್‌ನಿಂದ ಸೋತರೂ ಸಾಕು.

ಅರ್ಧ ಪಾಯಿಂಟ್ ಯಾರೂ ಹೊಡೆಯುವುದಿಲ್ಲ. ಲೆಕ್ಕ ಸಮ ಆಗಬಾರದು ಅಂತ ಇಟ್ಟಿರುವುದು. ಅದಕ್ಕೆ ಹುಕ್ ಅನ್ನುತ್ತಾರೆ. ಪೂರ್ಣ ಸಂಖ್ಯೆ ಇದ್ದು ಅಂತರ ಸರಿಯಾಗಿ ಅಷ್ಟೇ ಬಂದರೆ ಅದು ಪುಶ್. ಕಟ್ಟಿದ ದುಡ್ಡು ವಾಪಸ್, ಗೆಲುವೂ ಇಲ್ಲ ಸೋಲೂ ಇಲ್ಲ. 2000ದ ಜನವರಿ 30ರಂದು ಅಟ್ಲಾಂಟಾದಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ (ಸೀಸನ್ನಿನ ಫೈನಲ್) ಸೇಂಟ್ ಲೂಯಿಸ್ ರ‍್ಯಾಮ್ಸ್ 7 ಪಾಯಿಂಟ್ ಫೇವರಿಟ್. ಮ್ಯಾಚಿನ ಕೊನೆಯ ಕ್ಷಣದಲ್ಲಿ ಟೆನ್ನೆಸ್ಸೀ ಟೈಟನ್ಸ್‌ನ ಕೆವಿನ್ ಡೈಸನ್ ಚೆಂಡು ಹಿಡಿದು ಗೆರೆ ಕಡೆ ಕೈ ಚಾಚಿದರು. ರ‍್ಯಾಮ್ಸ್‌ನ ಮೈಕ್ ಜೋನ್ಸ್ ಅವರನ್ನು ಒಂದು ಯಾರ್ಡ್ ಇರುವಾಗ ಕೆಡವಿದರು. 23-16. ಅಂತರ ಸರಿಯಾಗಿ 7. ಇಡೀ ದೇಶ ಎದ್ದು ನಿಂತು ನೋಡಿದ ಆ ಆಟದಲ್ಲಿ -7ಕ್ಕೆ ಕಟ್ಟಿದವರಿಗೂ +7ಕ್ಕೆ ಕಟ್ಟಿದವರಿಗೂ ಹಾಕಿದ್ದೇ ವಾಪಸ್ ಬಂತು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಫುಟ್‌ಬಾಲ್‌ನಲ್ಲಿ ಎಲ್ಲ ಪಾಯಿಂಟೂ ಒಂದೇ ಬೆಲೆಯದ್ದಲ್ಲ. ಫೀಲ್ಡ್ ಗೋಲ್‌ಗೆ 3. ಟಚ್‌ಡೌನ್‌ಗೆ 6, ಅದರ ಹಿಂದಿನ ಕಿಕ್ ಸೇರಿದರೆ 7. ಹಾಗಾಗಿ ಗೆಲುವಿನ ಅಂತರ ಬೇರೆಲ್ಲಕ್ಕಿಂತ ಹೆಚ್ಚಾಗಿ 3ಕ್ಕೆ ಬಂದು ನಿಲ್ಲುತ್ತದೆ, ಆಮೇಲೆ 7ಕ್ಕೆ. ಇನ್ನೂ ಒಂದು ಕಾರಣ ಇದೆ. ಸ್ಕೋರ್ ಸಮ ಇದ್ದು ಒಂದೆರಡು ನಿಮಿಷ ಉಳಿದಿದ್ದರೆ ತಂಡಗಳು ಟಚ್‌ಡೌನ್‌ಗೆ ಒದ್ದಾಡುವುದಿಲ್ಲ. ಕಿಕ್ ದೂರಕ್ಕೆ ಬಂದು, ಗಡಿಯಾರ ಓಡಿಸಿ, 3 ತಗೊಂಡು ಮುಗಿಸುತ್ತಾರೆ. ಅದಕ್ಕೇ 2.5 ಇದ್ದ ಸ್ಪ್ರೆಡ್ 3.5 ಆದರೆ ಅದು ದೊಡ್ಡ ಸುದ್ದಿ. 4.5 ಇದ್ದದ್ದು 5.5 ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡೂ ಒಂದೇ ಪಾಯಿಂಟ್ ಸರಿದದ್ದು, ಆದರೆ ಮೊದಲನೆಯದು 3ನ್ನು ದಾಟಿದೆ. 2015ರಲ್ಲಿ ಟಚ್‌ಡೌನ್ ಆದ ಮೇಲಿನ ಕಿಕ್ ಅನ್ನು ಹಿಂದಕ್ಕೆ ಸರಿಸಿ 33 ಯಾರ್ಡ್ ಮಾಡಿದರು. ಅದರಿಂದ ಆ ಕಿಕ್ ತಪ್ಪುವುದು ಜಾಸ್ತಿ ಆಯಿತು. ಆದರೂ 3ರ ಜಾಗ 3ಕ್ಕೇ.

ಈ ಸ್ಪ್ರೆಡ್ ಕಂಡುಹಿಡಿದವರು ಅಂತ ಸಾಮಾನ್ಯವಾಗಿ ಹೇಳುವುದು ಚಾರ್ಲ್ಸ್ ಮೆಕ್‌ನೀಲ್ ಹೆಸರು. ಮೊದಲು ಲೆಕ್ಕದ ಮೇಷ್ಟ್ರು, ಆಮೇಲೆ 1940ರ ದಶಕದಲ್ಲಿ ನಮ್ಮ ಶಿಕಾಗೋದಲ್ಲಿ ಬುಕ್ಕಿ. ಅದಕ್ಕೆ ಮೊದಲು "ಗೆದ್ದರೆ ಒಂದಕ್ಕೆ ಇಷ್ಟು" ಅನ್ನುವ ದರ ಮಾತ್ರ ಇತ್ತು. ಬಲವಾದ ತಂಡ ಬಡಪಾಯಿ ತಂಡದ ಎದುರು ಆಡಿದರೆ ಯಾರೂ ದುಡ್ಡು ಕಟ್ಟಲು ಬರುತ್ತಿರಲಿಲ್ಲ. ಸ್ಪ್ರೆಡ್ ಬಂದ ಮೇಲೆ 30-10 ಆಗಿರುವ ಮ್ಯಾಚಿನ ಕೊನೇ ನಿಮಿಷವನ್ನೂ ಜನ ಉಸಿರು ಬಿಗಿ ಹಿಡಿದು ನೋಡತೊಡಗಿದರು.

ಕೊನೆಗೆ -110. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಇಡೀ ವ್ಯವಹಾರ ನಿಂತಿರುವುದು ಇದರ ಮೇಲೆ. ಇದು ಪಾಯಿಂಟ್ ಅಲ್ಲ, ಬೆಲೆ. 100 ಡಾಲರ್ ಗೆಲ್ಲಬೇಕಾದರೆ 110 ಡಾಲರ್ ಕಟ್ಟಬೇಕು. ನೀವು ಈಗಲ್ಸ್ ಮೇಲೆ 110, ನಾನು ಎದುರಿನವರ ಮೇಲೆ 110 ಕಟ್ಟಿದೆವು ಅನ್ನಿ. ಆ್ಯಪಿನವರ ಕೈಯಲ್ಲಿ 220. ಗೆದ್ದವನಿಗೆ ಅವನ 110 ಮತ್ತು ಗೆಲುವಿನ 100, ಒಟ್ಟು 210 ಕೊಡುತ್ತಾರೆ. ಉಳಿದ 10 ಅವರದು. ಇದಕ್ಕೆ ವಿಗ್ ಅಥವಾ ಜ್ಯೂಸ್ ಅನ್ನುತ್ತಾರೆ. ಹತ್ತೇ ಡಾಲರ್ ಅಲ್ವಾ ಅನಿಸುತ್ತದೆ. ನೂರು ಸಲ ಹೀಗೆ ಕಟ್ಟಿ 50 ಗೆದ್ದು 50 ಸೋತರೆ 5000 ಬರುತ್ತದೆ, 5500 ಹೋಗುತ್ತದೆ. 52 ಗೆದ್ದರೂ 80 ಡಾಲರ್ ಲಾಸ್. 53 ಗೆದ್ದರೆ ಮಾತ್ರ 130 ಡಾಲರ್ ಕೈಗೆ ಬರುತ್ತದೆ. ಲೆಕ್ಕ ಹಾಕಿದರೆ ಸಮ ಆಗಲು ನೂರಕ್ಕೆ 52.38 ಗೆಲ್ಲಬೇಕು. ಸ್ಪ್ರೆಡ್ ಇಡುವುದೇ ಎರಡೂ ಕಡೆ ಐವತ್ತು-ಐವತ್ತು ಇರಲಿ ಅಂತ. ಅದರ ಮೇಲೆ ಆ ಎರಡು ಚಿಲ್ಲರೆ ಗೆಲುವು ಎಲ್ಲಿಂದ ತರುತ್ತೀರಿ? ಬೆಟ್ಟಿಂಗ್ ಬಗ್ಗೆ ಕೇಳುವ ಪ್ರತಿಯೊಬ್ಬ ಹುಡುಗನಿಗೂ ನಾನು ಈ ಲೆಕ್ಕವನ್ನು ಪೇಪರ್ ಮೇಲೆ ಬರೆದು ತೋರಿಸುತ್ತೇನೆ.

ನಿಮ್ಮ ಆಫೀಸಿನ ಶೀಟಿನ ಮಾತು ಬೇರೆ. ಹಾಕಿದ ದುಡ್ಡೆಲ್ಲ ಹಾಕಿದವರಲ್ಲೇ ಯಾರಿಗಾದರೂ ಹೋಗುವುದಾದರೆ ಅಲ್ಲಿ ಯಾರೂ 10 ಡಾಲರ್ ಮುರಿದುಕೊಳ್ಳುವುದಿಲ್ಲ.

ನೆವಾಡಾ ಅಕ್ಕ:

ಶಿಕಾಗೋ ಅಣ್ಣ ಚೆನ್ನಾಗಿ ಬಿಡಿಸಿದ್ದಾರೆ. ನಾನು ಲಾಸ್ ವೇಗಾಸ್ ಪಕ್ಕದಲ್ಲಿದ್ದೇನೆ. ಒಂದು ಕಡೆ ಮಾತ್ರ ಒಪ್ಪುವುದಿಲ್ಲ. ಎರಡೂ ಕಡೆ 110 ಬಂದು 10 ಉಳಿಯುತ್ತದೆ ಅನ್ನುವುದು ಕಲಿಯುವುದಕ್ಕೆ ಸರಿ. ನಿಜವಾಗಿ ದುಡ್ಡು ಹಾಗೆ ಸಮ ಆಗಿ ಬರುವುದು ಕಡಿಮೆ. ಬುಕ್ಕಿಗಳೂ ಪ್ರತಿ ಮ್ಯಾಚಿನಲ್ಲಿ ಅದನ್ನು ಸಮ ಮಾಡಲು ಕೂರುವುದಿಲ್ಲ. ತಮ್ಮ ನಂಬರ್ ಸರಿ ಅನಿಸಿದರೆ ಒಂದು ಕಡೆ ಜಾಸ್ತಿ ದುಡ್ಡು ಬಿದ್ದರೂ ಹಾಗೇ ಬಿಡುತ್ತಾರೆ. ಸಾವಿರ ಜನ ಹತ್ತತ್ತು ಡಾಲರ್ ಹಾಕಿದಾಗ ಅಲ್ಲಾಡದ ಲೈನ್ (ಅಂದರೆ ಸ್ಪ್ರೆಡ್ ನಂಬರ್), ಚೆನ್ನಾಗಿ ಲೆಕ್ಕ ಹಾಕುತ್ತಾನೆ ಅಂತ ಹೆಸರಿರುವ ಒಬ್ಬನೇ ಒಬ್ಬ ದೊಡ್ಡ ಮೊತ್ತ ಹಾಕಿದಾಗ ಅಲ್ಲಾಡುತ್ತದೆ. ಅಂಥವನು ಗೆಲ್ಲುತ್ತಲೇ ಹೋದರೆ ಎಷ್ಟೋ ಆ್ಯಪ್‌ಗಳು ಅವನು ಕಟ್ಟಬಹುದಾದ ಮೊತ್ತವನ್ನೇ ಇಳಿಸಿಬಿಡುತ್ತವೆ.

ಲೈನ್ ಸರಿಸುವುದರಲ್ಲೂ ಅಪಾಯ ಇದೆ. ಇಲ್ಲಿನ ಹಳಬರು ಇವತ್ತಿಗೂ ಹೇಳುವುದು 1979ರ ಜನವರಿ 21ರ ಸೂಪರ್ ಬೌಲ್. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಮತ್ತು ಡಲ್ಲಾಸ್ ಕೌಬಾಯ್ಸ್. ಮೊದಲು ಸ್ಟೀಲರ್ಸ್ -3.5 ಇತ್ತು. ಎಲ್ಲರೂ ಸ್ಟೀಲರ್ಸ್ ಮೇಲೆ ಕಟ್ಟಿದರು. ಬುಕ್ಕಿಗಳು ಅದನ್ನು 4.5ಕ್ಕೆ ಏರಿಸಿದರು. ಈಗ ಕೌಬಾಯ್ಸ್ +4.5 ಚೆನ್ನಾಗಿ ಕಂಡಿತು, ಜನ ಆ ಕಡೆ ಕಟ್ಟಿದರು. ಆಟ ಮುಗಿಯಲು 22 ಸೆಕೆಂಡ್ ಇರುವಾಗ ಡಲ್ಲಾಸ್ ಟಚ್‌ಡೌನ್ ಹೊಡೆದು ಸ್ಕೋರ್ 35-31 ಆಯಿತು. ಅಂತರ 4. ಮೊದಲು -3.5ಕ್ಕೆ ಕಟ್ಟಿದವರೂ ಗೆದ್ದರು, ಆಮೇಲೆ +4.5ಕ್ಕೆ ಕಟ್ಟಿದವರೂ ಗೆದ್ದರು. ಬುಕ್ಕಿಗಳು ಎರಡೂ ಕಡೆಯವರಿಗೆ ಕೊಡಬೇಕಾಯಿತು. ಆ ದಿನಕ್ಕೆ ಇಲ್ಲಿ ಕರಾಳ ಭಾನುವಾರ ಅಂತಲೇ ಹೆಸರು.

ಎಡಿಸನ್‌ನವರೇ, ಇದರಲ್ಲಿ ನಿಮ್ಮ ರಾಜ್ಯದ ಪಾತ್ರ ದೊಡ್ಡದು. 1992ರ ಕೇಂದ್ರ ಕಾನೂನಿನಿಂದಾಗಿ ಈ ಥರ ಬೆಟ್ ಕಟ್ಟುವುದು ಹೆಚ್ಚುಕಡಿಮೆ ನಮ್ಮ ನೆವಾಡಾದಲ್ಲಿ ಮಾತ್ರ ಉಳಿದಿತ್ತು. ನ್ಯೂಜೆರ್ಸಿ ಹಟ ಹಿಡಿದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2018ರ ಮೇ 14ರಂದು ಕೋರ್ಟ್ ಆ ಕಾನೂನನ್ನು ರದ್ದು ಮಾಡಿತು. ಈಗ ಹೆಚ್ಚಿನ ರಾಜ್ಯಗಳಲ್ಲಿ ಇದೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಲ್ಲಿ ಈಗಲೂ ಇಲ್ಲ.

ಇನ್ನೊಂದು. ಊರಿಂದ ಒಬ್ಬರೇ ಬಂದು, ಚಳಿಗಾಲದ ಸಂಜೆ ರೂಮಿನಲ್ಲಿ ಫೋನ್ ಹಿಡಿದು ಕೂರುವ ಹುಡುಗರನ್ನು ನಾನು ನೋಡಿದ್ದೇನೆ. ಹೋದ ದುಡ್ಡು ವಾಪಸ್ ತರಲು ರಾತ್ರಿ ಮ್ಯಾಚಿಗೆ ಡಬಲ್ ಕಟ್ಟುವ ಹಂತಕ್ಕೆ ಯಾರಾದರೂ ಬಂದಿದ್ದರೆ 1-800-ಗ್ಯಾಂಬ್ಲರ್ ಅನ್ನುವ ಸಹಾಯವಾಣಿ ಇದೆ. ಕರೆ ಮಾಡಲು ಸಂಕೋಚ ಬೇಡ. ಗೆದ್ದ ದುಡ್ಡಿಗೆ ಟ್ಯಾಕ್ಸ್ ಇದೆ ಅನ್ನುವುದೂ ಗೊತ್ತಿರಲಿ.

ಜಯನಗರದವನು:

ಬೆಂಗಳೂರಿಂದ ಓದುತ್ತಿದ್ದೇನೆ. ಎರಡು ಪ್ರಶ್ನೆ. ಒಂದು, ಕ್ರಿಕೆಟ್‌ಗೆ ಈ ಸ್ಪ್ರೆಡ್ ಯಾಕಿಲ್ಲ? ಎರಡು, ಗೆದ್ದರೂ ಸಾಲದು, ಇಷ್ಟರಿಂದ ಗೆಲ್ಲಬೇಕು ಅಂದರೆ ಆಟಗಾರರನ್ನು ಕೊಳ್ಳುವುದು ಸುಲಭ ಅಲ್ವಾ?

(ಭಾರತದಲ್ಲಿ ಯಾರೂ ಆ್ಯಪ್ ಹುಡುಕಲು ಹೋಗಬೇಡಿ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದ್ದಾರೆ.)

ಹಳೇ ಶಿಕಾಗೋ:

ಅಕ್ಕ ಹೇಳಿದ್ದು ಒಪ್ಪುತ್ತೇನೆ. ಬುಕ್ಕಿ ಕಡೆಯಿಂದ ನೋಡಿದವರಿಗೇ ಅದು ಗೊತ್ತಾಗುವುದು.

ಜಯನಗರದವರೇ, ಕ್ರಿಕೆಟ್‌ನಲ್ಲಿ ಗೆಲುವನ್ನು ಅಳೆಯುವುದು ಎರಡು ರೀತಿ. ಮೊದಲು ಬ್ಯಾಟ್ ಮಾಡಿದವರು ಗೆದ್ದರೆ ರನ್‌ಗಳಿಂದ. ಚೇಸ್ ಮಾಡಿದವರು ಗೆದ್ದರೆ ವಿಕೆಟ್‌ಗಳಿಂದ. ಟಾರ್ಗೆಟ್ ದಾಟಿದ ಕೂಡಲೇ ಆಟವೇ ನಿಂತುಬಿಡುತ್ತದೆ. "ಈ ತಂಡ 25 ರನ್‌ನಿಂದ ಗೆಲ್ಲಬೇಕು" ಅಂತ ಲೈನ್ ಇಟ್ಟರೆ, ಟಾಸ್ ಗೆದ್ದು ಫೀಲ್ಡಿಂಗ್ ತಗೊಂಡ ದಿನ ಅದಕ್ಕೆ ಅರ್ಥವೇ ಇರುವುದಿಲ್ಲ. ಅಮೆರಿಕನ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಲ್ಲಿ ಎರಡೂ ತಂಡ ಕೊನೇ ಕ್ಷಣದವರೆಗೆ ಪಾಯಿಂಟ್ ಸೇರಿಸುತ್ತಲೇ ಇರಬಹುದು. ಸ್ಪ್ರೆಡ್ ಕೂರುವುದು ಅಂಥ ಆಟಕ್ಕೆ.

ಎರಡನೇ ಪ್ರಶ್ನೆಗೆ ಉತ್ತರ ಹೌದು, ಮತ್ತು ಅದು ನೋವಿನ ಕಥೆ. ನ್ಯೂಯಾರ್ಕಿನ ಸಿಟಿ ಕಾಲೇಜ್ ತಂಡ 1950ರಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಎರಡೂ ದೊಡ್ಡ ಟೂರ್ನಿ ಗೆದ್ದಿತ್ತು, ಒಂದೇ ವರ್ಷದಲ್ಲಿ. ಮರುವರ್ಷ ಅದೇ ತಂಡದ ಹುಡುಗರನ್ನು ಪೊಲೀಸರು ಹಿಡಿದರು. ಬೇರೆ ಕಾಲೇಜಿನವರೂ ಸಿಕ್ಕಿಬಿದ್ದರು. ಜೂಜುಕೋರರು ಅವರಿಗೆ ದುಡ್ಡು ಕೊಟ್ಟು ಅಂತರವನ್ನು ಸ್ಪ್ರೆಡ್‌ಗಿಂತ ಕಡಿಮೆ ಇಡಿಸುತ್ತಿದ್ದರು. ಇದಕ್ಕೆ ಪಾಯಿಂಟ್ ಶೇವಿಂಗ್ ಅನ್ನುತ್ತಾರೆ. 10 ಪಾಯಿಂಟ್ ಫೇವರಿಟ್ ಆಗಿರುವ ತಂಡ 6ರಿಂದ ಗೆದ್ದರೆ ಯಾರಿಗೆ ಅನುಮಾನ ಬರುತ್ತದೆ? "ಸೋಲು ಅಂತ ಯಾರೂ ಹೇಳುತ್ತಿಲ್ಲ, ಸ್ವಲ್ಪ ಕಡಿಮೆ ಅಂತರದಲ್ಲಿ ಗೆಲ್ಲು" ಅನ್ನುವ ಮಾತಿಗೆ ಇಪ್ಪತ್ತರ ಹುಡುಗ ಬೇಗ ಬೀಳುತ್ತಾನೆ. 2010ರಲ್ಲಿ ಲಾರ್ಡ್ಸ್‌ನಲ್ಲಿ ಪಾಕಿಸ್ತಾನದ ಬೌಲರ್‌ಗಳು ಹೇಳಿಸಿಕೊಂಡು ನೋ ಬಾಲ್ ಹಾಕಿದ ಪ್ರಕರಣ ನೆನಪಿದೆಯಲ್ಲ? ಅಲ್ಲೂ ಮ್ಯಾಚ್ ಸೋಲು ಅಂತ ಕೇಳಿರಲಿಲ್ಲ. ಕಾಲೇಜು ಹುಡುಗರ ಆಟದ ಮೇಲೆ ಬೆಟ್ ಇರಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನ್ಯೂಜೆರ್ಸಿಯಲ್ಲಿ ಆ ರಾಜ್ಯದ ಕಾಲೇಜು ತಂಡಗಳ ಮೇಲಾದರೂ ಬೆಟ್ ಕಟ್ಟುವಂತಿಲ್ಲ. ಅಷ್ಟರ ಮಟ್ಟಿಗೆ ಸಮಾಧಾನ.

ಎಡಿಸನ್‌ಗೆ ಹೊಸಬ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ 52.38ರ ಲೆಕ್ಕವನ್ನು ನಾನೇ ಕೂತು ಹಾಕಿ ನೋಡಿದೆ, ಸರಿ ಬಂತು. 110ನ್ನು 210ರಿಂದ ಭಾಗಿಸಿದರೆ ಆಯಿತು. ಆ್ಯಪ್ ಸಹವಾಸಕ್ಕೆ ಹೋಗುವುದಿಲ್ಲ. ಶೀಟ್ ಮಾತ್ರ ತುಂಬುತ್ತೇನೆ. ಒಂದೇ ಒಂದು ಅನುಮಾನ ಉಳಿದಿದೆ. ಮ್ಯಾಚ್ ಸಮ ಆಗಿ ಓವರ್‌ಟೈಮ್‌ಗೆ ಹೋದರೆ ಆ ಪಾಯಿಂಟೂ ಸ್ಪ್ರೆಡ್ ಲೆಕ್ಕಕ್ಕೆ ಬರುತ್ತದಾ?

ಹಳೇ ಶಿಕಾಗೋ:

ಬರುತ್ತದೆ. ಇಡೀ ಮ್ಯಾಚಿನ ಸ್ಪ್ರೆಡ್ ಆದರೆ ಕೊನೆಯ ಸ್ಕೋರೇ ಲೆಕ್ಕ. 2017ರ ಫೆಬ್ರವರಿ 5ರ ಸೂಪರ್ ಬೌಲ್ ನೋಡಿ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 3 ಪಾಯಿಂಟ್ ಫೇವರಿಟ್. ಅಟ್ಲಾಂಟಾ ಫಾಲ್ಕನ್ಸ್ ಒಂದು ಹಂತದಲ್ಲಿ 28-3 ಮುಂದಿದ್ದರು. ಅಂದರೆ +3 ಸೇರಿಸಿದರೆ ಅವರ ಮೇಲೆ ಕಟ್ಟಿದವರ ಕೈಯಲ್ಲಿ 28 ಪಾಯಿಂಟ್ ಲೀಡ್. ಪೇಟ್ರಿಯಟ್ಸ್ 28-28 ಮಾಡಿದರು. ಆಗಲೂ +3 ಇದ್ದವರು ಗೆಲ್ಲುತ್ತಲೇ ಇದ್ದರು. ಓವರ್‌ಟೈಮ್‌ನಲ್ಲಿ ಮೊದಲು ಚೆಂಡು ಸಿಕ್ಕಿದ್ದು ಪೇಟ್ರಿಯಟ್ಸ್‌ಗೆ. ಅವರು ಟಚ್‌ಡೌನ್ ಹೊಡೆದರು, ಆಗಿನ ನಿಯಮದ ಪ್ರಕಾರ ಆಟ ಅಲ್ಲಿಗೇ ಮುಗಿಯಿತು, ಕಿಕ್ ಕೂಡ ಬೇಕಾಗಲಿಲ್ಲ. 34-28. ಅಂತರ 6, ಪೇಟ್ರಿಯಟ್ಸ್ -3 ಕವರ್ ಆಯಿತು.