ಮಳೆಗಾಲದಲ್ಲಿ ಬೆಳ್ಳಿಯ ನ್ಯಾನೋಕಣಗಳು ಕೆಡುತ್ತಿರುವುದೇಕೆ?

ಪ್ರಶ್ನೆ: ಎಂ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಪ್ರಾಜೆಕ್ಟಿಗಾಗಿ, ನೀರಿನೊಂದಿಗೆ ಬೆರೆಯದ ದ್ರವವಾದ ಐಸೋಆಕ್ಟೇನ್‌ನಲ್ಲಿ ಎಓಟಿ ಎಂಬ ಸರ್ಫ್ಯಾಕ್ಟಂಟನ್ನು (ಸೋಪಿನಂತೆ ನೀರಿನ ಹನಿಗಳನ್ನು ಸುತ್ತುವ ವಸ್ತು) ಕರಗಿಸಿ, ಒಂದು ಪಾಲಿಗೆ ಸಿಲ್ವರ್ ನೈಟ್ರೇಟಿನ, ಇನ್ನೊಂದಕ್ಕೆ ಅದನ್ನು ಬೆಳ್ಳಿಯಾಗಿಸುವ ಸೋಡಿಯಂ ಬೋರೋಹೈಡ್ರೈಡಿನ ಜಲದ್ರಾವಣವನ್ನು ಸೇರಿಸಿ, ನೀರಿನ ಅತಿಸಣ್ಣ ಹನಿಗಳು ತೇಲುವ ಈ ಎರಡು ಮೈಕ್ರೋಎಮಲ್ಷನ್‌ಗಳನ್ನೂ ಬೆರೆಸುತ್ತಿದ್ದೇನೆ. ಮಾರ್ಚ್‌ನಲ್ಲಿ ತಿಳಿಹಳದಿ ದ್ರಾವಣ ಬಂದು, 400 ನ್ಯಾನೋಮೀಟರಿನ ಆಸುಪಾಸಿನಲ್ಲಿ ಬೆಳಕಿನ ಹೀರಿಕೆಯ ಚೂಪಾದ ಶಿಖರ ಕಾಣುತ್ತಿತ್ತು. ಆಷಾಢದ ಮಳೆ ಹಿಡಿದ ಮೇಲೆ ಅದೇ ಅಳತೆಗೆ ಶಿಖರ ಅಗಲವಾಗಿದೆ. ಮರುದಿನ ತಳದಲ್ಲಿ ಕಪ್ಪು ಗಸಿ ನಿಲ್ಲುತ್ತದೆ. ಎಓಟಿಯ ಬದಲು ಸಿಟಿಎಬಿ ಎಂಬ ಇನ್ನೊಂದು ಸರ್ಫ್ಯಾಕ್ಟಂಟ್ ಬಳಸಬಹುದೇ?

ಉತ್ತರ: ರಸಾಯನಶಾಸ್ತ್ರದ ಅಧ್ಯಾಪಕ, ತೀರ್ಥಹಳ್ಳಿ

ಉಪ್ಪಿನ ಭರಣಿಯೇ ನೀರೊಡೆಯುವ ಈ ದಿನಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಎಓಟಿಯ ಡಬ್ಬಿಯನ್ನು. ಅದು ಗಾಳಿಯ ತೇವವನ್ನು ಹೀರುತ್ತದೆ. ನೀರಿನ ಹನಿಯ ಗಾತ್ರವನ್ನು ನಿರ್ಧರಿಸುವುದು ಒಂದು ಮೋಲ್ ಎಓಟಿಗೆ ಎಷ್ಟು ಮೋಲ್ ನೀರಿದೆ ಎಂಬ ಅನುಪಾತ, ಅದನ್ನು 0.15ರಿಂದ ಗುಣಿಸಿದರೆ ಹನಿಯ ತ್ರಿಜ್ಯ ಸುಮಾರಾಗಿ ನ್ಯಾನೋಮೀಟರಿನಲ್ಲಿ ಸಿಗುತ್ತದೆ. 100 ಮಿ.ಲೀ.ಗೆ 4.45 ಗ್ರಾಂ ಎಓಟಿ ಮತ್ತು 1.44 ಮಿ.ಲೀ. ನೀರು ಹಾಕಿದರೆ ಅನುಪಾತ 8 ಆಗಬೇಕು. ಆದರೆ ತೂಗಿದ ಎಓಟಿಯಲ್ಲಿ ಶೇ. 4ರಷ್ಟು ತೇವವಿದ್ದರೆ ಅದು 9ನ್ನು ದಾಟಿಬಿಡುತ್ತದೆ.

ಆದರೂ ಗಸಿಗೆ ಇದೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಹನಿಗಳು ಡಿಕ್ಕಿ ಹೊಡೆದಾಗ ಒಳಗಿನದನ್ನು ಪರಸ್ಪರ ಹಂಚಿಕೊಳ್ಳುವುದರಿಂದ, ಕಣವು ತಾನು ಹುಟ್ಟಿದ ಹನಿಗಿಂತ ದೊಡ್ಡದಾಗಿಯೂ ಬೆಳೆಯಬಲ್ಲದು. ಬೋರೋಹೈಡ್ರೈಡ್ ತೇವಕ್ಕೆ ಸಿಕ್ಕಿ ಬಲ ಕಳೆದುಕೊಂಡಿದ್ದರೆ, ಒಮ್ಮೆಲೇ ಹುಟ್ಟಬೇಕಾದ ಬೀಜಕಣಗಳು ಕೆಲವೇ ಹುಟ್ಟಿ, ಉಳಿದ ಬೆಳ್ಳಿಯೆಲ್ಲ ಅವುಗಳ ಮೇಲೆಯೇ ಕೂತು, ದಪ್ಪಗಾದ ಕಣಗಳು ತಳಕ್ಕಿಳಿಯುತ್ತವೆ. ಹೊಸ ಬಾಟಲಿ ಒಡೆಯಿರಿ, ಮಂಜುಗಡ್ಡೆಯಲ್ಲಿ ತಣಿಸಿದ ನೀರಿನಲ್ಲಿ ಕರಗಿಸಿ, ಕೂಡಲೇ ಬಳಸಿ.

ಉತ್ತರ: ಸಂಶೋಧಕಿ, ಸಾಗರ

ಸಿಟಿಎಬಿಯಲ್ಲಿ ಬ್ರೋಮೈಡ್ ಇದೆ. ಸಿಲ್ವರ್ ನೈಟ್ರೇಟಿಗೆ ಅದು ತಾಗಿದೊಡನೆ ನಸುಹಳದಿ ಸಿಲ್ವರ್ ಬ್ರೋಮೈಡ್ ಒತ್ತರಿಸಿಕೊಂಡು ಬರುತ್ತದೆ. ಆ ಹಳದಿಯನ್ನು ನ್ಯಾನೋಕಣದ ಹಳದಿಯೆಂದು ನಂಬಿ ನಾನೇ ಒಂದು ವಾರ ಕಳೆದಿದ್ದೇನೆ. 1982ರಲ್ಲಿ ವಿಜ್ಞಾನಿ ಬೂಟೊನೆ ಮತ್ತು ಸಂಗಡಿಗರು ಮೈಕ್ರೋಎಮಲ್ಷನ್‌ನಿಂದ ಪಡೆದ 3ರಿಂದ 5 ನ್ಯಾನೋಮೀಟರಿನ ಕಣಗಳು ಪ್ಲಾಟಿನಂ ಗುಂಪಿನ ಲೋಹಗಳವು. ಅಲ್ಲಿಯ ಪಾಕವನ್ನು ಬೆಳ್ಳಿಗೆ ಹಾಗೆಯೇ ಇಳಿಸಲಾಗದು. ಬೋರ್‌ವೆಲ್ ನೀರಿನಲ್ಲಿ ತೊಳೆದ ಗಾಜಿನ ಪಾತ್ರೆಗಳನ್ನೂ ಕೊನೆಗೆ ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಾಡಿಸಿ, ಬ್ರೋಮೈಡಿನಂತೆಯೇ ಬೆಳ್ಳಿಯನ್ನು ಹಿಡಿದುಬಿಡುವ ಕ್ಲೋರೈಡ್ ಉಳಿಯಬಾರದು.

ಪ್ರಶ್ನೆ ಕೇಳಿದವರು

ಸರ್, ಮೇಡಂ, ಧನ್ಯವಾದಗಳು. ಮೇಣದಂತಿರುವ ಎಓಟಿಯನ್ನು 10 ಗ್ರಾಂ ತೂಗಿ, ಮೂರು ದಿನ ತೇವ ತೆಗೆಯುವ ನಿರ್ವಾತ ಡೆಸಿಕೇಟರಿನಲ್ಲಿಟ್ಟು ತೆಗೆದಾಗ 9.6 ಗ್ರಾಂ ಇತ್ತು. ಹೊಸ ಬೋರೋಹೈಡ್ರೈಡಿನೊಂದಿಗೆ ನಿನ್ನೆ ಮಾಡಿದ ದ್ರಾವಣ ಇಂದು ಬೆಳಿಗ್ಗೆಯೂ ತಿಳಿಯಾಗಿದೆ, ತಳದಲ್ಲಿ ಗಸಿಯಿಲ್ಲ. ಶಿಖರ ಮಾತ್ರ ಮಾರ್ಚಿನಷ್ಟು ಚೂಪಾಗಿಲ್ಲ.